ಗೂಟದ ಕುಣಿ

ಹುಮನಾಬಾದ ತಾಲೂಕಿನ ದುಬಲಗುಂಡಿಯ ಹೆಸರಿನಲ್ಲೇ ಗುಂಡಿಯಿದೆ. ಆದರೆ ಆ ಸೀಮೆಯ ಕೆಂಪು ಕಲ್ಲುನೆಲದಲ್ಲಿ ಬೇಲಿಗೆಂದು ಒಂದು ಮೊಳದ ಕುಣಿ ತೋಡಿ ನೋಡಿರಿ. ಗುದ್ದಲಿ ಪುಟಿದು ಹಿಂದಕ್ಕೆ ಬರುತ್ತದೆ. ಹಾರೆಯೇ ಬೇಕು. ನಾಲ್ಕು ಪೆಟ್ಟು ಹಾಕಿ, ನೀರು ಹೊಯ್ದು, ನೆಲ ನೆನೆಯುವವರೆಗೆ ಕಾದು, ಸಡಿಲವಾದುದನ್ನು ಕೈಯಿಂದಲೇ ಮೊಗೆದು ತೆಗೆಯಬೇಕು. ಇಂಥ ಕುಣಿಗೂ ಇತಿಹಾಸಕ್ಕೂ ಏನು ನಂಟೆಂದು ತಾವು ಕೇಳಬಹುದು. ನಂಟು ಬಹಳ ಹಳೆಯದು.

ಬೀದರ ಪ್ರಸ್ಥಭೂಮಿಯ ಈ ಕಲ್ಲನ್ನು ಕನ್ನಡದಲ್ಲಿ ಜಂಬಿಟ್ಟಿಗೆ ಎನ್ನುತ್ತೇವೆ. ಫ್ರಾನ್ಸಿಸ್ ಬುಕಾನನ್ ಮಲಬಾರಿನಲ್ಲಿ ಇದೇ ಜಾತಿಯ ಕಲ್ಲನ್ನು ಕಂಡು, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ, ಇಟ್ಟಿಗೆಯೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. ನಮ್ಮ ಒಕ್ಕಲಿಗನೂ ಆ ವಿದ್ವಾಂಸನೂ ಒಂದೇ ಹೋಲಿಕೆಯನ್ನು ಕಂಡರು! ನೆಲದೊಳಗಿರುವಾಗ ಇದು ಕೊಯ್ಯಲು ಬರುವಷ್ಟು ಮೆದು. ಗಾಳಿ ಬಿಸಿಲು ತಾಗಿದ ಮೇಲೆ ಬಿರುಸು. ಆದುದರಿಂದ ಕುಣಿ ತೋಡುವವನಿಗೆ ಮೇಲಿನ ಪದರವೇ ಶತ್ರು. 15ನೆಯ ಶತಮಾನದಲ್ಲಿ ಬಹಮನಿ ಅರಸ ಅಹಮದ ಶಹಾ ಕಲಬುರಗಿಯಿಂದ ಬೀದರಕ್ಕೆ ರಾಜಧಾನಿಯನ್ನು ತಂದನು. ಅಲ್ಲಿಯ ಕೋಟೆಯ ಮೂರು ಸಾಲಿನ ಕಂದಕವನ್ನು ಈ ಕಲ್ಲಿನಲ್ಲೇ ಕಡಿದಿದ್ದಾರೆ. ನಡುವೆ ಕಡಿಯದೆ ಬಿಟ್ಟ ಕಲ್ಲೇ ಗೋಡೆಯಾಗಿ ನಿಂತಿದೆ.

ಅರಸನ ಕಂದಕಕ್ಕೆ ಚರಿತ್ರಕಾರರಿದ್ದಾರೆ. ದನಗಾಹಿಯ ಗೂಟಕ್ಕೆ ಯಾರು? ನೆಲವೇ! ಗೂಟ ಕೊಳೆತರೂ ಸುಟ್ಟರೂ ಅದರ ಕುಣಿ ಅಳಿಯುವುದಿಲ್ಲ. ಅದರಲ್ಲಿ ತುಂಬಿಕೊಂಡ ಮಣ್ಣು ಬಣ್ಣದಲ್ಲಿಯೂ ಬಿಗಿಯಲ್ಲಿಯೂ ಬೇರೆಯಾಗಿ, ದುಂಡು ಮಚ್ಚೆಯಂತೆ ಕಾಣುತ್ತದೆ. ಈಗಿನ ತೆಲಂಗಾಣದ ಉತ್ನೂರಿನಲ್ಲಿ 1957ರಲ್ಲಿ ಎಫ್. ಆರ್. ಆಲ್ಚಿನ್ ಬೂದಿದಿಬ್ಬವೊಂದನ್ನು ಅಗೆದಾಗ ಇಂಥ ಕುಣಿಗಳ ಸಾಲು ದೊರೆಯಿತು. ಜೊತೆಗೆ ದನಗಳ ಗೊರಸಿನ ಗುರುತುಗಳೂ ದೊರೆತವು. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಅಲ್ಲಿ ದನದ ದೊಡ್ಡಿಯಿತ್ತು. ಸೆಗಣಿ ರಾಶಿಯಾದಾಗ ಸುಟ್ಟು, ಮತ್ತೆ ಗೂಟ ನೆಟ್ಟು ಬೇಲಿ ಕಟ್ಟುತ್ತಿದ್ದರು.

ಹಂಪೆಯ ಬಳಿಯ ನಿಂಬಾಪುರದ ಬೂದಿದಿಬ್ಬವನ್ನು ಜನರು ವಾಲಿಯನ್ನು ದಹಿಸಿದ ಸ್ಥಳವೆಂದು ನಂಬಿ ಬಂದಿದ್ದಾರೆ. ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯನವರ ಉತ್ಖನನವು ದೊಡ್ಡಿಯನ್ನಷ್ಟೇ ಅಲ್ಲದೆ ಮನೆಗಳನ್ನೂ ಮಾಂಸ ಕಡಿಯುತ್ತಿದ್ದ ಕಟ್ಟೆಯನ್ನೂ ತೋರಿಸಿತು. ಊರಿನ ಹೆಸರೇ ಬೂದಿಯ ಸುದ್ದಿಯನ್ನು ಕಾಪಾಡಿಕೊಂಡು ಬಂದಿತ್ತು, ನೋಡಿ!

ಆದರೆ ಇಂಥ ದಿಬ್ಬಗಳು ಗೊಬ್ಬರಕ್ಕೆಂದು, ಹೊಲ ಸಮಮಾಡಲೆಂದು ಕರಗುತ್ತಿವೆ. ದಿಬ್ಬ ಹೋದರೆ ಬೂದಿಯೊಂದೇ ಹೋಗುವುದಿಲ್ಲ, ಕುಣಿಗಳೂ ಹೋಗುತ್ತವೆ. ಶಾಸನ ಕೆತ್ತಿಸಲಾರದವರು ಬರೆದಿಟ್ಟುಹೋದ ಅಕ್ಷರಗಳು ಅವು. ತಮ್ಮ ಹೊಲದಲ್ಲಿ ಹಾರೆ ಹಾಕುವಾಗ ಬೂದಿಯ ಪದರವಾಗಲಿ, ಸಾಲಾಗಿ ದುಂಡು ಮಚ್ಚೆಗಳಾಗಲಿ ಕಂಡರೆ ಒಂದು ಗಳಿಗೆ ಕೈ ತಡೆಯಿರಿ. ಪುರಾತತ್ವ ಇಲಾಖೆಗೆ ಸುದ್ದಿ ಮುಟ್ಟಿಸಿರಿ. ಬೇಲಿಯನ್ನು ಒಂದು ಮಾರು ಈಚೆಗೆ ಹಾಕಿದರೂ ಆದೀತು.