ಮಾಂಡೋವಿಯಿಂದ ಸೊಲ್ಲಾಪುರ ರಸ್ತೆಗೆ

ಕರಾವಳಿ ಸುತ್ತಾಟದ ಕೊನೇ ದಿನ. ಪಣಜಿಯ ಹಳೇ ಸಚಿವಾಲಯದ ಮುಂದೆ ನಿಂತು, "ಇದು ನಮ್ಮ ಆದಿಲ್‌ಶಾಹಿ ಅರಮನಿ" ಅಂದೆ.

"ಸಮುದ್ರಾನೂ ನಿಮ್ದೇ ಏನಲೇ?" ಅಂತ ಗೆಳೆಯರು ನಕ್ಕರು.

ಇತ್ತು ಮಾರಾಯ್ರ! 1510ರಲ್ಲಿ ಅಲ್ಬುಕರ್ಕ್ ಗೋವಾ ಹಿಡಿದ. ಮೇ ತಿಂಗಳಲ್ಲಿ ಬಿಜಾಪುರದ ಸೈನ್ಯ ವಾಪಸ್ ಕಿತ್ಕೊಂಡಿತು. ನವೆಂಬರ್ 25ಕ್ಕೆ ಮತ್ತೆ ಹೋಯ್ತು, ಹೋಗೇಬಿಡ್ತು. ಹೋದದ್ದು ಬರೀ ಊರಲ್ಲ. ಅರಬ್ಬಿ ಕುದುರೆಗಳು ಇಳೀತಿದ್ದ ಬಂದರು. ಆ ವ್ಯಾಪಾರದ ಲಗಾಮು ಪೋರ್ಚುಗೀಸರ ಕೈ ಸೇರಿತು. ಕುದುರೆಯಿಲ್ಲದೆ ದಖ್ಖನಿನಲ್ಲಿ ಯಾವ ಸುಲ್ತಾನ ಯುದ್ಧ ಮಾಡ್ಯಾನು?

ಅನಮೋಡ ಘಟ್ಟ ಹತ್ತಿ, ಸೊಲ್ಲಾಪುರ ರಸ್ತೆಯ ಮನೆ ಮುಟ್ಟಿದಾಗ ನಡುರಾತ್ರಿ. ಟಿಕೋಟಾ ಬಿಟ್ಟು ಹೆಚ್ಚು ದೂರ ಹೋಗದ ಅಪ್ಪ ಬಾಗಿಲು ತೆಗೆದು ಮೊದಲು ಕೇಳಿದ್ದು:

"ನೀರು ಖರೇನ ಉಪ್ಪೈತೇನೋ?"