‘ಬೀಬಿ’ ಎಂಬ ಗೌರವಪದದ ಏರಿಳಿತ



ನಮ್ಮ ಬೀದರ, ಭಾಲ್ಕಿ, ಔರಾದ ಸೀಮೆಯ ಮತದಾರರ ಪಟ್ಟಿಗಳನ್ನು ನೋಡಿದರೆ ಸ್ತ್ರೀಯರ ಹೆಸರುಗಳ ಕೊನೆಗೆ ಎರಡು ಪದಗಳು ಮತ್ತೆ ಮತ್ತೆ ಕಾಣುತ್ತವೆ. ಕಾಶೀಬಾಯಿ, ಶಾಂತಾಬಾಯಿ ಎಂಬಲ್ಲಿ ‘ಬಾಯಿ’. ಫಾತಿಮಾಬೀ, ಖಾಜಾಬೀ ಎಂಬಲ್ಲಿ ‘ಬೀ’. ಎರಡೂ ಗೌರವವಾಚಕಗಳೇ. ‘ಬೀ’ ಎಂಬುದು ‘ಬೀಬಿ’ಯ ಹ್ರಸ್ವರೂಪ. ಫಾರಸಿಯ ಮೂಲಕ ಬಂದ ಈ ಪದಕ್ಕೆ ಮನೆಯೊಡತಿ, ಕುಲೀನ ಸ್ತ್ರೀ ಎಂದರ್ಥ.

ದಖ್ಖನಿನ ಇತಿಹಾಸದಲ್ಲಿ ಇದರ ಘನತೆ ದೊಡ್ಡದು. 1580ರಲ್ಲಿ ಪತಿ ಒಂದನೆಯ ಅಲಿ ಆದಿಲ್‌ಶಾಹನು ತೀರಿಕೊಂಡಾಗ, ಬಾಲಕ ಎರಡನೆಯ ಇಬ್ರಾಹಿಮನ ಪರವಾಗಿ ವಿಜಾಪುರದ ಆಡಳಿತವನ್ನು ನಿರ್ವಹಿಸಿದವಳು ಚಾಂದ್ ಬೀಬಿ. 1595-96ರಲ್ಲಿ ಅಹಮದ್‌ನಗರದ ಕೋಟೆಯನ್ನು ಮೊಗಲರ ಮುತ್ತಿಗೆಯಿಂದ ರಕ್ಷಿಸಿದವಳೂ ಆಕೆಯೇ. ಪ್ರವಾದಿಗಳ ಪುತ್ರಿಯನ್ನು ಜನರು ಭಕ್ತಿಯಿಂದ ಕರೆಯುವುದು ‘ಬೀಬಿ ಫಾತಿಮಾ’ ಎಂದೇ.

ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಇಂಗ್ಲಿಷರ ಬಾಯಲ್ಲಿ ಈ ಪದದ ಅರ್ಥ ಕುಸಿಯಿತು. ಕಂಪನಿಯ ಅಧಿಕಾರಿಗಳಲ್ಲಿ ಅನೇಕರು ಇಲ್ಲಿನ ಸ್ತ್ರೀಯರೊಡನೆ ಸಂಸಾರ ಹೂಡಿದರು. ಆ ಸ್ತ್ರೀಯರನ್ನು ‘ಬೀಬಿ’ ಎಂದೂ ಅವರ ವಾಸಸ್ಥಾನವನ್ನು ‘ಬೀಬಿಘರ್’ ಎಂದೂ ಕರೆದರು. ಹೆಸರು ಗೌರವದ್ದು; ಆದರೆ ಬಹುಪಾಲು ಮಂದಿಗೆ ಪತ್ನಿಯ ಹಕ್ಕು ಇರಲಿಲ್ಲ. 1791ರಲ್ಲಿ ಕಂಪನಿಯು ಭಾರತೀಯ ತಾಯಂದಿರ ಮಕ್ಕಳಿಗೆ ತನ್ನ ಸೇವೆಯ ಬಾಗಿಲನ್ನೇ ಮುಚ್ಚಿತು.

ಅಂದು ಬೀದರವೂ ಸೇರಿದ್ದ ನಿಜಾಮನ ರಾಜ್ಯದಲ್ಲಿಯೇ ಇದರ ನೋವಿನ ನಿದರ್ಶನವಿದೆ. ಹೈದರಾಬಾದಿನ ರೆಸಿಡೆಂಟ್ ಜೇಮ್ಸ್ ಕರ್ಕ್‌ಪ್ಯಾಟ್ರಿಕನು ಕುಲೀನ ಮನೆತನದ ಖೈರುನ್ನೀಸಾಳನ್ನು ಇಸ್ಲಾಂ ಪದ್ಧತಿಯಂತೆ ವಿವಾಹವಾದನು. ಅದಕ್ಕಾಗಿ ಗವರ್ನರ್ ಜನರಲ್ ವೆಲ್ಲೆಸ್ಲಿಯಿಂದ ವಿಚಾರಣೆಯನ್ನು ಎದುರಿಸಬೇಕಾಯಿತು. 1805ರಲ್ಲಿ ಇಬ್ಬರು ಮಕ್ಕಳನ್ನು ಇಂಗ್ಲೆಂಡಿಗೆ ಕಳುಹಿಸಲಾಯಿತು. ಅದೇ ವರ್ಷ ಅವನು ಮೃತನಾದನು. 1813ರಲ್ಲಿ ಕಣ್ಣುಮುಚ್ಚುವವರೆಗೂ ತಾಯಿಗೆ ಮಕ್ಕಳ ಮುಖ ಮತ್ತೆ ಕಾಣಸಿಗಲಿಲ್ಲ.

ಮುಂದೆ ಇಂಗ್ಲಿಷ್ ಮಡದಿಯರು ‘ಮೇಮ್‌ಸಾಹೇಬ’ರಾದರು. ‘ಬೀಬಿ’ ಎಂಬುದು ಕೆಳಗಿನ ಮೆಟ್ಟಿಲಿಗಿಳಿಯಿತು.

ಜಾವಾದ್ವೀಪದಲ್ಲಿಯೂ ಹೀಗೆಯೇ ಆಯಿತು. ಅಲ್ಲಿ ‘ನ್ಯಾಯ್’ ಎಂಬುದು ಹಿರಿಯ ಸ್ತ್ರೀಯರಿಗೆ ಸಲ್ಲುವ ಮನ್ನಣೆಯ ಪದ. ಡಚ್ಚರ ಆಳ್ವಿಕೆಯಲ್ಲಿ ಅದಕ್ಕೆ ಐರೋಪ್ಯನ ಉಪಪತ್ನಿ ಎಂಬ ಅರ್ಥ ಅಂಟಿಕೊಂಡಿತು. ಆದರೂ ಧಾರ್ಮಿಕ ಪಾಠಶಾಲೆಗಳಲ್ಲಿ ಗುರುಪತ್ನಿಯನ್ನು ಇಂದಿಗೂ ‘ನ್ಯಾಯ್’ ಎಂದೇ ಗೌರವಿಸುತ್ತಾರೆ.

ನಮ್ಮ ಸೀಮೆಯ ಮನೆಗಳಲ್ಲಿಯೂ ‘ಬೀ’ ತನ್ನ ಮಾನವನ್ನು ಉಳಿಸಿಕೊಂಡಿದೆ. ಆದುದರಿಂದ ಹಳೆಯ ಇಂಗ್ಲಿಷ್ ದಾಖಲೆಗಳಲ್ಲಿ ‘ಬೀಬಿ’ ಎಂದು ಕಂಡಾಗ, ಬರೆದವರು ಯಾರು, ಆಕೆಯ ಮನೆಯವರು ಆಕೆಯನ್ನು ಏನೆಂದು ಕರೆಯುತ್ತಿದ್ದರು ಎಂದು ಕೇಳಿಕೊಳ್ಳಿರಿ. ವಂಶಾವಳಿ ಬರೆಯುವಾಗ ಅಜ್ಜಿಯಂದಿರ ಹೆಸರಿನ ‘ಬಾಯಿ’, ‘ಬೀ’ಗಳನ್ನು ಹಳೆಯ ಕಾಲದವೆಂದು ಕತ್ತರಿಸದಿರಿ. ಅವು ಊರು ಅವರಿಗೆ ಕೊಟ್ಟ ಮರ್ಯಾದೆ.