ಸೆಲೆ ನದಿಯ ದಡದಲ್ಲೊಂದು ಹಾಳು ಮಠ

ಶತವರ್ಷಗಳ ಯುದ್ಧದ ಪಾಠವನ್ನು ನನ್ನ ತರಗತಿಯಲ್ಲಿ ಕೇಳಿದವರಿಗೆ ಕ್ರೆಸಿ, ಪ್ವಾತಿಯೇ, ಅಜಿಂಕೋರ್ಟ್ ಎಂಬ ಮೂರು ಕದನಗಳೂ 1346, 1356, 1415 ಎಂಬ ಇಸವಿಗಳೂ ಕೊನೆಗೆ ಜೋನ್ ಆಫ್ ಆರ್ಕ್ ಕಥೆಯೂ ನೆನಪಿದ್ದರೆ ನನಗೆ ಸಂತೋಷ. ಪಠ್ಯಪುಸ್ತಕವೂ ಅದಕ್ಕಿಂತ ಹೆಚ್ಚೇನನ್ನೂ ಹೇಳುತ್ತಿರಲಿಲ್ಲ. ಆದರೆ ಆ ಯುದ್ಧ ಜನಜೀವನಕ್ಕೆ ಏನು ಮಾಡಿತೆಂಬುದನ್ನು ತಿಳಿಯಬೇಕಾದರೆ ಯಾವ ಮಹಾಕದನವೂ ನಡೆಯದ ಊರುಗಳನ್ನು ನೋಡಬೇಕು. ಫ್ರಾನ್ಸಿನ ನೈಋತ್ಯ ಭಾಗದ ಮಾರ್ಸಿಯಾಕ್ ಅಂತಹದೊಂದು ಊರು. ತುಲೂಸ್ ನಗರದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅಳಿಯಂದಿರು ಕಾರಿನಲ್ಲಿ ಅಲ್ಲಿಗೆ ಕರೆದೊಯ್ದಿದ್ದರು.

ಹಿಂದೆ ಕೇರ್ಸಿ ಎಂದು ಕರೆಯುತ್ತಿದ್ದ ಸುಣ್ಣಕಲ್ಲಿನ ಸೀಮೆಯದು. ಈಗ ಲೋಟ್ ಜಿಲ್ಲೆಗೆ ಸೇರಿದೆ. ಹಳ್ಳಿಯ ಜನಸಂಖ್ಯೆ ಸುಮಾರು 200. ಮುಂದೆ ಹರಿಯುವ ಸಣ್ಣ ನದಿಯ ಹೆಸರು ಸೆಲೆ. ಆ ಹೆಸರು ಕೇಳಿ ನನಗೆ ಒಳಗೊಳಗೇ ಖುಷಿಯಾಯಿತು. ನಮ್ಮ ಸೆಲೆಗೆ ಒರತೆಯೆಂದು ಅರ್ಥವಾದರೆ, ಅವರದು ವೇಗವೆಂಬ ಅರ್ಥದ ಲ್ಯಾಟಿನ್ ಪದದಿಂದ ಬಂದುದೆಂದು ಹೇಳುತ್ತಾರೆ. ಎರಡೂ ನೀರಿಗೆ ಒಪ್ಪುವ ಮಾತುಗಳೇ. ನದಿಯ ಬೆನ್ನಿಗೆ ಎತ್ತರದ ಬಿಳಿ ಬಂಡೆಗಳ ಗೋಡೆ. ನೀರಿಗೂ ಬಂಡೆಗೂ ನಡುವಣ ಕಿರಿದಾದ ಜಾಗದಲ್ಲಿ ಮನೆಗಳು, ಅವುಗಳ ಮಧ್ಯೆ ಬೆನೆಡಿಕ್ಟ್ ಪಂಥದ ಸನ್ಯಾಸಿಗಳ ಹಳೆಯ ಮಠ.

ದಕ್ಷಿಣದ ಬಾಗಿಲ ಮೇಲಿನ ಶಿಲ್ಪ 10ನೆಯ ಶತಮಾನದಷ್ಟು ಹಳೆಯದಿರಬೇಕೆಂದು ಭಾವಿಸಲಾಗಿದೆ. ಮೇಲೆ ಕ್ರಿಸ್ತ, ಆತನ ಇಕ್ಕೆಲಗಳಲ್ಲಿ ಸೂರ್ಯಚಂದ್ರರೆಂದು ಹೇಳುವ ಎರಡು ಆಕೃತಿಗಳು, ಕೆಳಗೆ ಸಂತ ಪೀಟರ್, ಸಂತ ಪಾಲ್, ರೆಕ್ಕೆ ಬಿಚ್ಚಿದ ದೇವದೂತರು. ನಾಜೂಕಿನ ಕೆತ್ತನೆಯಲ್ಲ, ದೇವದೂತರಂತೂ ಗಿಡ್ಡಗೆ ದಪ್ಪಗೆ ನಮ್ಮ ಹಳ್ಳಿಯ ವೀರಗಲ್ಲುಗಳ ಮೇಲಿನ ದೇವಕನ್ಯೆಯರಂತೆ ಇದ್ದಾರೆ. ನನಗೆ ಬಹಳ ಹಿಡಿಸಿದ ಶಿಲ್ಪವದು.

ಈ ಮಠದ ಕಥೆಯಲ್ಲಿ ಯುದ್ಧಕ್ಕಿಂತ ಮೊದಲು ಒಂದು ವ್ಯಾಜ್ಯವಿದೆ. ಇಲ್ಲಿಂದ ನೇರ ದಾರಿಯಲ್ಲಿ ಸುಮಾರು 30 ಕಿಲೋಮೀಟರ್ ದೂರದ ರೊಕಮಾದೂರ್ ಎಂಬಲ್ಲಿ, ಬಂಡೆಯ ಸೆರಗಿನಲ್ಲಿ, ಮೇರಿಮಾತೆಯ ಚಿಕ್ಕ ಗುಡಿಯಿತ್ತು. ಅದು ಮಾರ್ಸಿಯಾಕ್ ಮಠಕ್ಕೆ ಸೇರಿದ್ದು. ಹಿತ್ತಲ ಗಿಡ ಮದ್ದಲ್ಲವೆಂಬಂತೆ ಇವರು ಅದನ್ನು ಹಾಳುಬಿಟ್ಟರು. ಅದನ್ನು ಗಮನಿಸಿದ ತ್ಯುಲ್ ಊರಿನ ಮಠದವರು ಬಂದು ಅಲ್ಲಿ ನೆಲೆಯೂರಿದರು. 1166ರಲ್ಲಿ ಅಲ್ಲೊಂದು ಸಮಾಧಿಯಲ್ಲಿ ಕೆಡದ ದೇಹ ದೊರೆಯಿತು. ಅದು ಸಂತ ಅಮಾದೂರನ ದೇಹವೆಂದು ಸಾರಲಾಯಿತು. 1172ರ ವೇಳೆಗೆ ಅಲ್ಲಿಯ 126 ಪವಾಡಗಳ ಗ್ರಂಥವೇ ಸಿದ್ಧವಾಯಿತು. ಇಂಗ್ಲೆಂಡಿನ ಅರಸ 2ನೆಯ ಹೆನ್ರಿ ಸ್ವತಃ ಯಾತ್ರೆಗೆ ಬಂದ. ಹಣ ಹರಿದು ಬಂದಿತು. ಎಷ್ಟೆಂದರೆ, 1183ರಲ್ಲಿ ಆ ಹೆನ್ರಿಯ ಮಗ ತಂದೆಯ ಮೇಲೆ ದಂಗೆಯೆದ್ದಾಗ ಕೂಲಿಸೈನಿಕರಿಗೆ ಸಂಬಳ ಕೊಡಲು ಈ ಗುಡಿಯ ಭಂಡಾರವನ್ನೇ ದೋಚಿ, ಕೆಲವೇ ದಿನಗಳಲ್ಲಿ ಜ್ವರದಿಂದ ಸತ್ತ.

ಮಾರ್ಸಿಯಾಕ್‌ನವರಿಗೆ ತಮ್ಮ ಹಕ್ಕು ನೆನಪಾದದ್ದು ಹಣ ಕಂಡ ಮೇಲೆ. ಹೋಗಿ ತ್ಯುಲ್‌ನವರನ್ನು ಹೊರದಬ್ಬಿದರು. ತ್ಯುಲ್‌ನವರು ಮರಳಿ ಬಂದು ಇವರನ್ನು ಹೊರದಬ್ಬಿದರು. ಕಾವೋರ್‌ನ ಬಿಷಪ್ಪರು, ಬೂರ್ಜ್‌ನ ಆರ್ಚ್‌ಬಿಷಪ್ಪರು, ಪೋಪರ ಪ್ರತಿನಿಧಿ, ಕಡೆಗೆ ಪೋಪರವರೆಗೂ ದೂರು ಹೋಯಿತು. ಯಾರೂ ತೀರ್ಪು ಕೊಡುವ ಧೈರ್ಯ ಮಾಡಲಿಲ್ಲ. ತಲೆಮಾರುಗಳು ಕಳೆದವು. ಕೊನೆಗೆ ಮಾರ್ಸಿಯಾಕ್‌ನವರು 3000 ಸೋಲ್ ಪಡೆದು ಹಕ್ಕು ಬಿಟ್ಟುಕೊಟ್ಟರು. ಲೆಕ್ಕ ಹಾಕಿ ನೋಡಿ: 20 ಸೋಲಿಗೆ ಒಂದು ಲೀವ್ರ್, ಅಂದರೆ ಒಟ್ಟು 150 ಲೀವ್ರ್. ದಾಯಾದಿಗಳ ಗದ್ದೆಯ ಮೊಕದ್ದಮೆಯನ್ನು ಅಜ್ಜನಿಂದ ಮೊಮ್ಮಗನವರೆಗೆ ನಡೆಸಿದ ಮನೆತನಗಳನ್ನು ಕಂಡಿರುವ ನಮಗೆ ಇದು ಅಪರಿಚಿತ ಕಥೆಯೇನಲ್ಲ.

ಆ ಬಳಿಕವೂ ಮಠ 14ನೆಯ ಶತಮಾನದವರೆಗೆ ಚೆನ್ನಾಗಿಯೇ ನಡೆಯಿತು. ಅದನ್ನು ಕೆಡವಿದ್ದು ಯುದ್ಧ. 1360ರ ಬ್ರೆತಿನಿ ಒಪ್ಪಂದದಂತೆ ಕೇರ್ಸಿ ಇಂಗ್ಲೆಂಡಿನ ವಶವಾಯಿತು. 1369ರಲ್ಲಿ ಯುದ್ಧ ಮತ್ತೆ ಹೊತ್ತಿಕೊಂಡಿತು. ಆಗ ಈ ಕಣಿವೆಗಳಲ್ಲಿ ತಿರುಗುತ್ತಿದ್ದುದು ಅರಸರ ಸೈನ್ಯವಲ್ಲ, ಸಂಬಳ ನಿಂತುಹೋದ ಕೂಲಿಸೈನಿಕರ ತಂಡಗಳು. ಕದನವಿದ್ದಾಗ ಅರಸನ ಕೆಲಸ, ಕದನವಿಲ್ಲದಾಗ ದರೋಡೆ. 1371ರಲ್ಲಿ ಇಂತಹದೊಂದು ತಂಡ ನೆರೆಯ ಫಿಜಾಕ್ ಪಟ್ಟಣವನ್ನೇ ಹಿಡಿದು, ಹಣ ಪಡೆದ ಮೇಲೆ ಬಿಟ್ಟಿತು. (ಈಜಿಪ್ಟಿನ ಚಿತ್ರಲಿಪಿಯನ್ನು 1822ರಲ್ಲಿ ಬಿಡಿಸಿದ ಶಾಂಪೋಲಿಯೋ ಹುಟ್ಟಿದ್ದು ಅದೇ ಫಿಜಾಕ್‌ನಲ್ಲಿ, 1790ರಲ್ಲಿ.) ಗೋಡೆಗಳಿದ್ದ ಪಟ್ಟಣಕ್ಕೇ ಆ ಗತಿಯಾದಾಗ ನದೀತೀರದ ಮಠವೊಂದು ಹೇಗೆ ಉಳಿದೀತು?

ಬಂಡೆಗಳ ಸಂದಿಯಲ್ಲಿ ಕಟ್ಟಿದ ಹಳೆಯ ಕೋಟೆಗೋಡೆಗಳನ್ನು ಈ ಸೀಮೆಯವರು ಇಂದಿಗೂ ‘ಇಂಗ್ಲಿಷರ ಕೋಟೆ’ ಎನ್ನುತ್ತಾರೆ. ಆದರೆ ‘ಇಂಗ್ಲಿಷರು’ ಎನಿಸಿಕೊಂಡ ಆ ತಂಡಗಳಲ್ಲಿ ಗ್ಯಾಸ್ಕನಿಯವರೂ ಫ್ರಾನ್ಸಿನ ಇತರ ಸೀಮೆಗಳವರೂ ಬೇಕಾದಷ್ಟು ಇದ್ದರು. ದೋಚಿದವರನ್ನು ಪರದೇಶಿಗಳೆಂದು ನೆನೆಯುವುದು ಊರಿನವರಿಗೆ ಹಗುರವೆನಿಸಿರಬೇಕು.

ಸನ್ಯಾಸಿಗಳು 15ನೆಯ ಶತಮಾನದಲ್ಲಿ ಇಗರ್ಜಿಯ ಪೂರ್ವದ ಭಾಗವನ್ನಷ್ಟೇ ಗೋಥಿಕ್ ಶೈಲಿಯಲ್ಲಿ ಮತ್ತೆ ಕಟ್ಟಿಕೊಂಡರು. ಪಶ್ಚಿಮದ ಭಾಗವನ್ನು ಹಾಗೆಯೇ ಬಿಟ್ಟರು. ಹೀಗಾಗಿ ಒಳಹೊಕ್ಕವನು ಮೊದಲು ಮೂರು ಅಂಕಣಗಳಷ್ಟು ದೂರ ಬಯಲಿನಲ್ಲೇ ನಡೆಯಬೇಕು. ಎರಡೂ ಕಡೆ ಕಂಬ, ಕಮಾನು ಎಲ್ಲ ಇವೆ, ಮೇಲೆ ಆಕಾಶ. ನಾಲ್ಕನೆಯ ಅಂಕಣದಿಂದ ಚಾವಣಿ ಆರಂಭ. ಎಷ್ಟು ಕೈಗೂಡಿತೋ ಅಷ್ಟನ್ನು ಕಟ್ಟಿ, ಉಳಿದುದಕ್ಕೆ ಕೈಮುಗಿದ ಆ ನಿರ್ಧಾರ ಕಲ್ಲಿನಲ್ಲಿ ಗೆರೆ ಎಳೆದಂತೆ ಕಾಣುತ್ತದೆ. ನಾನು ಬಹಳ ಹೊತ್ತು ನಿಂತದ್ದು ಆ ಗೆರೆಯ ಬಳಿಯೇ.

ಮುಂದೆ ಮಠವು ಎಬ್ರಾರ್ ಎಂಬ ಪಾಳೆಯಗಾರ ಮನೆತನದ ಕೈಸೇರಿತು. ಮಹಾಕ್ರಾಂತಿಯ ಕಾಲಕ್ಕೆ ಸನ್ಯಾಸಿಗಳೂ ಹೋದರು. ಗೋಥಿಕ್ ಭಾಗ ಹಳ್ಳಿಯ ಇಗರ್ಜಿಯಾಗಿ ಉಳಿಯಿತು.

ಸ್ಪೇನಿನ ಸಾಂತಿಯಾಗೊ ಯಾತ್ರೆಯ ಒಂದು ಕವಲುದಾರಿ ಈ ಕಣಿವೆಯಲ್ಲಿ ಹಾದುಹೋಗುತ್ತದೆ. ನಾವಿದ್ದಾಗ ಬೆನ್ನಿಗೆ ಚೀಲ ಹೊತ್ತ ಮಧ್ಯವಯಸ್ಸಿನ ದಂಪತಿಗಳು ಬಂದು, ಚಾವಣಿಯಿಲ್ಲದ ಅಂಕಣದ ನೆರಳಿನಲ್ಲಿ ಬೂಟು ಬಿಚ್ಚಿಟ್ಟು, ರೊಟ್ಟಿ ತಿಂದು, ನೀರು ಕುಡಿದು, ನದಿಯ ಗುಂಟ ಕೆಳಮುಖವಾಗಿ ನಡೆದುಹೋದರು.